ಲೂರ್ದುಸ್ವಾಮಿ ಯಾರು? ರೋಮ್‌ನಲ್ಲಿ ಅವರು ಏನಾಗಿದ್ದರು?

ನಿಮ್ಮ ಪ್ರಶ್ನೆ ಇದು: ಬೆಂಗಳೂರಿನ ಆರ್ಚ್‌ಬಿಷಪ್ ಆಗಿದ್ದ ಲೂರ್ದುಸ್ವಾಮಿ ಎಂಬವರು ಆಮೇಲೆ ವ್ಯಾಟಿಕನ್‌ನಲ್ಲಿ ದೊಡ್ಡ ಸ್ಥಾನಕ್ಕೆ ಹೋದರಂತೆ. ಎಷ್ಟು ದೊಡ್ಡ ಸ್ಥಾನ? ಪೋಪ್ ಆಗುವ ಅವಕಾಶ ಇತ್ತಾ? ಅವರಿಂದ ಈ ಕಡೆಯ ಸಾಮಾನ್ಯ ಕ್ರೈಸ್ತರಿಗೆ ಏನಾದರೂ ಆಯಿತಾ?

ಕೊನೆಯದನ್ನೇ ಮೊದಲು ಹೇಳುತ್ತೇನೆ. ಅದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇದೆ.

ನಮ್ಮದು ಹೊಸೂರಿನಿಂದ ಒಳಕ್ಕೆ, ಡೆಂಕಣಿಕೋಟೆ ಕಡೆ. ಮನೆಮಾತು ಕನ್ನಡ, ಓದಿದ್ದು ತಮಿಳಿನಲ್ಲಿ, ಸಂತೆಗೆ ಹೋದರೆ ತೆಲುಗೂ ಬೇಕು. ಚರ್ಚಿನಲ್ಲಿ ಪೂಜೆ ತಮಿಳಿನಲ್ಲಿ, ಮನೆಯಲ್ಲಿ ಸಂಜೆಯ ಜಪ ಕನ್ನಡದಲ್ಲಿ. ಆದರೆ ನಮ್ಮಜ್ಜಿಯ ಕಾಲದಲ್ಲಿ ಪೂಜೆ ತಮಿಳೂ ಅಲ್ಲ, ಕನ್ನಡವೂ ಅಲ್ಲ. "ಸ್ವಾಮಿಗಳು ನಮಗೆ ಬೆನ್ನು ಹಾಕಿಕೊಂಡು ಲತೀನಿನಲ್ಲಿ ಏನೋ ಹೇಳೋರು, ನಾವು ಹಿಂದೆ ಕೂತು ಜಪಸರ ಎಣಿಸೋರು, ಗಂಟೆ ಹೊಡೆದಾಗ ತಲೆ ಎತ್ತಿ ನೋಡೋದು, ಆಮೇಲೆ ಮತ್ತೆ ಜಪಸರ" ಎಂದು ಹೇಳುತ್ತಿದ್ದಳು. ಬಿಷಪ್ಪರಿಗೆ ಅವಳು ಕೊನೆಯವರೆಗೂ ಮೇತ್ರಾಣಿಗಳು ಅಂತಲೇ ಅಂದಳು.

ಅದೆಲ್ಲ ಬದಲಾಗಿದ್ದು ರೋಮ್‌ನಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯಿಂದ. 1962ರ ಅಕ್ಟೋಬರ್ 11ರಂದು ಶುರುವಾಗಿ 1965ರವರೆಗೆ ನಡೆಯಿತು. ಜನರ ಮಾತಿನಲ್ಲಿ ಪೂಜೆ ಮಾಡಬಹುದು ಎಂದು 1963ರ ಡಿಸೆಂಬರ್‌ನಲ್ಲಿ ಅಲ್ಲಿ ತೀರ್ಮಾನ ಆಯಿತು. ಲೂರ್ದುಸ್ವಾಮಿ ಆ ಸಭೆಗೆ ಹೋದಾಗ ಬಿಷಪ್ ಆಗಿ ಎರಡು ತಿಂಗಳೂ ಆಗಿರಲಿಲ್ಲ. ವಯಸ್ಸು 38.

ಹುಟ್ಟಿದ್ದು 1924ರ ಫೆಬ್ರವರಿ 5ರಂದು, ತಮಿಳುನಾಡಿನ ಕಲ್ಲೇರಿ ಎಂಬ ಹಳ್ಳಿಯಲ್ಲಿ. ಪೂರ್ತಿ ಹೆಸರು ದುರೈಸಾಮಿ ಸೈಮನ್ ಲೂರ್ದುಸಾಮಿ. ನಮ್ಮೂರುಗಳಲ್ಲಿ ಲೂರ್ದಮ್ಮ ಅಂತ ಹೆಸರಿಡುತ್ತಾರಲ್ಲ, ಅದೇ ಲೂರ್ದು ಮಾತೆಯ, ಅಂದರೆ ಮರಿಯಮ್ಮನ ಹೆಸರು. ಗುರುಗಳಾಗಲು ಓದಿದ್ದು ಬೆಂಗಳೂರಿನ ಸಂತ ಪೇತ್ರರ ಗುರುಮಠದಲ್ಲಿ. 1951ರ ಡಿಸೆಂಬರ್ 21ರಂದು ಪಾಂಡಿಚೇರಿ ಧರ್ಮಪ್ರಾಂತ್ಯಕ್ಕೆ (ಒಬ್ಬ ಬಿಷಪ್ಪರ ಕೈಕೆಳಗಿನ ಪ್ರದೇಶ) ಗುರುದೀಕ್ಷೆ ಆಯಿತು. ಆಮೇಲೆ ರೋಮ್‌ನಲ್ಲಿ ಧರ್ಮಸಭೆಯ ಕಾನೂನಿನಲ್ಲಿ ಡಾಕ್ಟರೇಟ್ ಮಾಡಿ ಬಂದರು. 1962ರಲ್ಲಿ ಬೆಂಗಳೂರಿಗೆ ಸಹಾಯಕ ಧರ್ಮಾಧ್ಯಕ್ಷರು, ಅಂದರೆ ಸಹಾಯಕ ಬಿಷಪ್, 1968ರ ಜನವರಿಯಲ್ಲಿ ಮಹಾಧರ್ಮಾಧ್ಯಕ್ಷರು, ಅಂದರೆ ಆರ್ಚ್‌ಬಿಷಪ್. ಆಗ ಇನ್ನೂ 44 ತುಂಬಿರಲಿಲ್ಲ. ಆ ಹುದ್ದೆಗೆ ಅದು ಬಹಳ ಚಿಕ್ಕ ವಯಸ್ಸು.

ನನ್ನ ಮಟ್ಟಿಗೆ ಅವರ ಜೀವನದ ದೊಡ್ಡ ವರ್ಷ ಅಂದರೆ 1969. ಕಾರ್ಡಿನಲ್, ಅಂದರೆ ಪೋಪ್ ಅವರನ್ನು ಆರಿಸುವ ಹಿರಿಯರಲ್ಲಿ ಒಬ್ಬರು, ಆದ 1985 ಅಲ್ಲ. ಭಾರತದ ಬಿಷಪ್ಪರ ಮಂಡಳಿಯಲ್ಲಿ ಪೂಜಾವಿಧಿಯ ಆಯೋಗವನ್ನು ಆಗ ನೋಡಿಕೊಳ್ಳುತ್ತಿದ್ದವರು ಇವರೇ. ಆ ಮಂಡಳಿಯ ಕಡೆಯಿಂದ ರೋಮ್‌ಗೆ 12 ಅಂಶಗಳ ಒಂದು ಕೋರಿಕೆ ಹೋಯಿತು, ಏಪ್ರಿಲ್ 25ರಂದು ಒಪ್ಪಿಗೆ ಸಿಕ್ಕಿತು. ಅದರಲ್ಲಿ ಏನಿತ್ತು ಗೊತ್ತಾ? ಮೊಣಕಾಲೂರುವ ಬದಲು ಕೈಜೋಡಿಸಿ ತಲೆಬಾಗಬಹುದು. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತು ಪೂಜೆ ಮಾಡಬಹುದು. ಗುರುಗಳು ಯುರೋಪಿನ ಭಾರದ ಉಡುಪಿನ ಬದಲು ನಿಲುವಂಗಿಯ ಮೇಲೆ ಶಾಲು ಹೊದೆಯಬಹುದು. ಬಲಿಪೀಠದ ಮೇಲೆ ಮಡಿಸಿದ ಬಟ್ಟೆ ಹಾಸುವ ಬದಲು ತಟ್ಟೆ ಇಡಬಹುದು. ಮೇಣದ ಬತ್ತಿಯ ಬದಲು ಎಣ್ಣೆ ದೀಪ. ಆರತಿ. ಪಂಚಾಂಗ ಪ್ರಣಾಮ. ಯಾವುದನ್ನು ಎಷ್ಟು ಬಳಸಬೇಕು ಎನ್ನುವುದು ಇಲ್ಲಿನ ಬಿಷಪ್ಪರಿಗೇ ಬಿಟ್ಟದ್ದು.

ಓದಿದರೆ ಸಣ್ಣ ವಿಷಯ ಅನ್ನಿಸುತ್ತದೆ ಅಲ್ವಾ? ನಮ್ಮ ಚರ್ಚಿನಲ್ಲಿ ಒಂದು ಹಿತ್ತಾಳೆ ದೀಪ ಇದೆ, ನನ್ನ ಎದೆಯ ಎತ್ತರದ್ದು. ತುದಿಯಲ್ಲಿ ಪುಟ್ಟ ಶಿಲುಬೆ, ಕೆಳಗೆ ಐದು ಬತ್ತಿ. ಹಬ್ಬದ ಹಿಂದಿನ ದಿನ ಹೆಂಗಸರು ಹುಣಸೆಹಣ್ಣು ಹಾಕಿ ಅದನ್ನು ಉಜ್ಜುತ್ತಾರೆ. ನಮ್ಮಜ್ಜಿಯೂ ಉಜ್ಜಿದ್ದಾಳೆ. ಮೊದಲ ಸಲ ಅದನ್ನು ಚರ್ಚಿನಲ್ಲಿ ಇಟ್ಟಾಗ ಕೆಲವರು ಗುರುಗಳ ಹತ್ತಿರ ಜಗಳಕ್ಕೇ ಹೋಗಿದ್ದರಂತೆ, ಇದು ದೇವಸ್ಥಾನದ ದೀಪ, ಇಲ್ಲಿ ಯಾಕೆ ಅಂತ. ನಮ್ಮೂರಲ್ಲಿ ಮಾತ್ರ ಅಲ್ಲ, ದೇಶದ ತುಂಬ ಆ ಗಲಾಟೆ ಆಯಿತು. ಚರ್ಚನ್ನು ಹಿಂದೂ ಮಾಡುತ್ತಿದ್ದಾರೆ ಎಂದು ಕ್ಯಾಥೊಲಿಕರೇ ಪತ್ರಿಕೆಗಳಿಗೆ ಬರೆದರು. ಅವರ ಭಯ ನನಗೆ ಅರ್ಥ ಆಗುತ್ತದೆ. ತಲೆತಲಾಂತರದಿಂದ ಒಂದು ರೀತಿಯಲ್ಲಿ ಭಕ್ತಿ ಮಾಡಿದವರಿಗೆ ಅದನ್ನು ಇದ್ದಕ್ಕಿದ್ದಂತೆ ಬದಲಿಸಿದರೆ ನೋವಾಗುತ್ತದೆ. ಆದರೂ ನಾನು ಆ ದೀಪದ ಕಡೆಯವನು. ಮನೆಯಲ್ಲಿ ಸಂಜೆ ದೀಪ ಹಚ್ಚುವ ಕೈಯೇ ಚರ್ಚಿನಲ್ಲೂ ದೀಪ ಹಚ್ಚಿತು, ಅಷ್ಟೇ.

ಈ ಕೆಲಸದಲ್ಲಿ ಅವರ ತಮ್ಮನ ಹೆಸರನ್ನೂ ಹೇಳಲೇಬೇಕು. ಫಾದರ್ ಅಮಲೋರ್ಪವದಾಸ್. ಬೆಂಗಳೂರಿನಲ್ಲಿ 1967ರಲ್ಲಿ ಎನ್‌ಬಿಸಿಎಲ್‌ಸಿ ಕಟ್ಟಿ ನಿಲ್ಲಿಸಿದವರು. ಬೈಬಲ್, ಧರ್ಮೋಪದೇಶ, ಪೂಜಾವಿಧಿ ಈ ಮೂರಕ್ಕೂ ಇಡೀ ದೇಶಕ್ಕೆ ಒಂದೇ ಕೇಂದ್ರ ಅದು. ಆಮೇಲೆ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಅಧ್ಯಯನ ವಿಭಾಗ ಕಟ್ಟಿದರು, ಮೈಸೂರಿನಲ್ಲೇ ಅಂಜಲಿ ಆಶ್ರಮ ಮಾಡಿದರು, 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಣ್ಣ ಅನುಮತಿ ತರುವವರು, ತಮ್ಮ ಅದನ್ನು ಮಾಡಿ ತೋರಿಸುವವರು ಎಂದು ನನಗೆ ಅನ್ನಿಸುತ್ತದೆ. ಇಬ್ಬರಲ್ಲಿ ಒಬ್ಬರೇ ಇದ್ದಿದ್ದರೆ ಇಷ್ಟು ಆಗುತ್ತಿರಲಿಲ್ಲ.

ಒಂದು ಕೊರತೆಯನ್ನೂ ಹೇಳಬೇಕು. ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ ಅವರು ಇದ್ದದ್ದು ಮೂರು ವರ್ಷ ಚಿಲ್ಲರೆ ಮಾತ್ರ. ಲತೀನ್ ಹೋಯಿತು ಸರಿ, ಅದರ ಜಾಗಕ್ಕೆ ಯಾವ ಭಾಷೆ? ಕನ್ನಡವೋ ತಮಿಳೋ ಎನ್ನುವ ಜಗಳ ಬೆಂಗಳೂರಿನ ಚರ್ಚುಗಳಲ್ಲಿ ಮುಂದೆ ದಶಕಗಳ ಕಾಲ ನಡೆಯಿತು. ಅಲ್ಲಿ ಕನ್ನಡದವರು ಪಟ್ಟ ಸಂಕಟ ಗಡಿಯ ಈಚೆ ಇರುವ ನಮಗೆ ಚೆನ್ನಾಗಿ ಗೊತ್ತು. ಜನರ ಮಾತು ಅಂದಾಗ ಯಾವ ಜನ, ಯಾರ ಮಾತು ಎನ್ನುವುದು ಕಾಗದದ ಮೇಲೆ ಇರುವುದಿಲ್ಲ. ಅವರು ಇನ್ನೂ ಹತ್ತು ವರ್ಷ ಅಲ್ಲೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆದರೆ 1971ರಲ್ಲಿ ರೋಮ್‌ಗೆ ಕರೆ ಬಂತು. ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಪೋಪ್ ಅವರ ಆಡಳಿತದಲ್ಲಿ ನಮ್ಮ ಸರ್ಕಾರದ ಖಾತೆಗಳ ಹಾಗೆ ಇಲಾಖೆಗಳಿವೆ. ಏಷ್ಯಾ, ಆಫ್ರಿಕಾದ ಧರ್ಮಪ್ರಾಂತ್ಯಗಳನ್ನು ನೋಡಿಕೊಳ್ಳುವ ಇಲಾಖೆಯಲ್ಲಿ ಇವರು 1973ರಿಂದ ಕಾರ್ಯದರ್ಶಿ, ಅಂದರೆ ಎರಡನೇ ಸ್ಥಾನ. ಆ ದೇಶಗಳಲ್ಲಿ ಯಾರು ಬಿಷಪ್ ಆಗಬೇಕು ಎನ್ನುವ ಕಡತಗಳು ಓಡಾಡುವ ಜಾಗ ಅದು. 1985ರ ಮೇ 25ರಂದು ಎರಡನೇ ಜಾನ್ ಪಾಲ್ ಇವರನ್ನು ಕಾರ್ಡಿನಲ್ ಮಾಡಿದರು. ಅದೇ ಅಕ್ಟೋಬರ್‌ನಲ್ಲಿ ಪೌರ್ವಾತ್ಯ ಧರ್ಮಸಭೆಗಳ ಇಲಾಖೆಗೆ ಮುಖ್ಯಸ್ಥರಾದರು. ರೋಮ್‌ನ ಒಂದು ಇಲಾಖೆಗೆ ಭಾರತದವರು ಮುಖ್ಯಸ್ಥರಾದದ್ದು ಅದೇ ಮೊದಲು.

ಪೌರ್ವಾತ್ಯ ಅಂದರೆ ಪೋಪ್ ಅವರನ್ನು ಒಪ್ಪಿಕೊಂಡೂ ಪೂಜೆ, ಕಾನೂನು ತಮ್ಮದೇ ಇಟ್ಟುಕೊಂಡವರು. ಕೇರಳದ ಸಿರೋ ಮಲಬಾರ್ ಸಭೆ, ಉಕ್ರೇನಿನ ಗ್ರೀಕ್ ಕ್ಯಾಥೊಲಿಕರು ಹೀಗೆ. ಲೂರ್ದುಸ್ವಾಮಿ ರೋಮ್‌ನ ಲತೀನ್ ಪದ್ಧತಿಯವರು, ಆದರೂ ಆ ಹೊಣೆ ಹೊತ್ತರು. ಕಾಲವೂ ಸುಮ್ನೆ ಕೂರುವಂಥದ್ದಲ್ಲ. ಕೇರಳ ಬಿಟ್ಟು ಹೊರಗೆ ಹೋದ ಸಿರೋ ಮಲಬಾರ್ ಜನರಿಗೆ ಮುಂಬೈ ಹತ್ತಿರದ ಕಲ್ಯಾಣದಲ್ಲಿ 1988ರಲ್ಲಿ ಸ್ವಂತ ಧರ್ಮಪ್ರಾಂತ್ಯ ಆಯಿತು. ಸ್ಟಾಲಿನ್ ಕಾಲದಿಂದ ನಿಷೇಧದಲ್ಲಿದ್ದ ಉಕ್ರೇನಿನ ಸಭೆಗೆ 1989ರಲ್ಲಿ ಬಹಿರಂಗವಾಗಿ ಪೂಜೆ ಮಾಡುವ ಸ್ವಾತಂತ್ರ್ಯ ಬಂತು. ಎಲ್ಲ ಪೌರ್ವಾತ್ಯ ಸಭೆಗಳಿಗೂ ಸೇರಿ ಒಂದು ಕಾನೂನು ಸಂಹಿತೆ 1990ರಲ್ಲಿ ಹೊರಬಂತು. ಮೂರೂ ಅವರ ಅವಧಿಯಲ್ಲೇ. ನಮ್ಮ ಹೊಸೂರಿನ ಹೆಸರಿನಲ್ಲೂ 2017ರಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತ್ಯ ಆಯಿತು, ಅದನ್ನು ನೋಡಲು ಅವರಿರಲಿಲ್ಲ.

1991ರಲ್ಲಿ ಆ ಹೊಣೆ ಬಿಟ್ಟರು. ಪೋಪ್ ಆಗುವ ಅವಕಾಶದ ಬಗ್ಗೆ ಕೇಳಿದಿರಿ. 1978ರಲ್ಲಿ ಎರಡು ಸಲ ಪೋಪ್ ಆಯ್ಕೆ ನಡೆದಾಗ ಅವರು ಇನ್ನೂ ಕಾರ್ಡಿನಲ್ ಆಗಿರಲಿಲ್ಲ. 2005ರಲ್ಲಿ ನಡೆದಾಗ 81 ವರ್ಷ. 80 ದಾಟಿದವರಿಗೆ ಮತ ಇಲ್ಲ. ಹೀಗಾಗಿ 29 ವರ್ಷ ಕಾರ್ಡಿನಲ್ ಆಗಿದ್ದರೂ ಒಂದು ಸಲವೂ ಮತ ಹಾಕಲಿಲ್ಲ. ಇನ್ನೊಂದು ಸಂಗತಿ ಇದೆ, ಜಾಸ್ತಿ ಜನರಿಗೆ ಗೊತ್ತಿಲ್ಲ. ಹೊಸ ಪೋಪ್ ಆಯ್ಕೆಯಾದಾಗ ಸಂತ ಪೇತ್ರರ ಬಸಿಲಿಕದ ಮಹಡಿಗೆ ಬಂದು ಜನರಿಗೆ ಆ ಹೆಸರು ಹೇಳುವುದು ಒಬ್ಬ ಹಿರಿಯ ಕಾರ್ಡಿನಲ್ ಅವರ ಕೆಲಸ. 1993ರಿಂದ 1996ರವರೆಗೆ ಆ ಸ್ಥಾನ ಕಲ್ಲೇರಿಯ ಈ ಮನುಷ್ಯರದ್ದಾಗಿತ್ತು. ಆ ವರ್ಷಗಳಲ್ಲಿ ಆಯ್ಕೆಯೇ ನಡೆಯಲಿಲ್ಲ.

2014ರ ಜೂನ್ 2ರಂದು ರೋಮ್‌ನಲ್ಲಿ ತೀರಿಕೊಂಡರು, 90 ವರ್ಷ. ಆ ಭಾನುವಾರ ನಮ್ಮ ಚರ್ಚಿನಲ್ಲಿ ಅವರಿಗಾಗಿ ತಮಿಳಿನಲ್ಲಿ ಪ್ರಾರ್ಥನೆ ಆಯಿತು. ಪಕ್ಕದಲ್ಲಿ ನಿಂತಿದ್ದ ನಮ್ಮಮ್ಮ ನಿತ್ಯವಿಶ್ರಾಂತಿಯ ಜಪವನ್ನು ಮೆಲ್ಲಗೆ ಕನ್ನಡದಲ್ಲಿ ಹೇಳಿಕೊಂಡಳು. ಹಿತ್ತಾಳೆ ದೀಪ ಉರಿಯುತ್ತಿತ್ತು.