ಅನುಬಿಯಾಸ್, ಜಾವಾ ಫರ್ನ್ ಎಂಬ ನೀರಿನ ಗಿಡಗಳಿರುವ ನನ್ನ ಎರಡು ಅಡಿಯ ಅಕ್ವೇರಿಯಂಗೆ ಕಡಿಮೆ ಖರ್ಚಿನ ದೀಪ ಯಾವುದು?

ಮೀನುಗಳಷ್ಟೇ ಇದ್ದರೆ ಯಾವ ಸಣ್ಣ ಎಲ್‌ಇಡಿಯೂ ಸಾಕು. ನಿಜವಾಗಿ ಬೆಳಕು ಬೇಕಿರುವುದು ಗಿಡಗಳಿಗೆ. ನಿಮ್ಮ ಬಳಿ ಇರುವ ಅನುಬಿಯಾಸ್, ಜಾವಾ ಫರ್ನ್ ಎರಡೂ ಮಂದ ಬೆಳಕಿನಲ್ಲೇ ಬೆಳೆಯುವಂಥವು. ಆದ್ದರಿಂದ ಅಕ್ವೇರಿಯಂ ಅಂಗಡಿಯ ದುಬಾರಿ ದೀಪದ ಗೊಡವೆ ಬೇಡ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಎರಡು ಅಡಿಯ 10 ವ್ಯಾಟ್ ಎಲ್‌ಇಡಿ ಟ್ಯೂಬ್‌ಲೈಟ್ ಕೊಳ್ಳಿ. ಡಬ್ಬಿಯ ಮೇಲೆ 6500 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು), ಸುಮಾರು 1000 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಎಂದಿರಬೇಕು. 60×30×30 ಸೆಂ.ಮೀ. ತೊಟ್ಟಿ ಹಿಡಿಯುವುದು 54 ಲೀಟರ್. ಲೀಟರಿಗೆ 20 ಲ್ಯೂಮೆನ್‌ನ ಆಸುಪಾಸು ಈ ಗಿಡಗಳಿಗೆ ಧಾರಾಳ.

ದೀಪಕ್ಕಿಂತ ಹೆಚ್ಚು ಗಮನ ಬೇಡುವುದು ಅದು ಉರಿಯುವ ಅವಧಿ. ದಿನಕ್ಕೆ 6ರಿಂದ 8 ಗಂಟೆ ಸಾಕು. ಅನುಬಿಯಾಸ್‌ನ ದಪ್ಪ ಎಲೆ ಬಹಳ ನಿಧಾನವಾಗಿ ಬೆಳೆಯುವುದರಿಂದ ಪಾಚಿಯ ಹಸಿರು ಚುಕ್ಕೆಗಳು ಅದರ ಮೇಲೆ ಬೇಗ ಕೂರುತ್ತವೆ. ಕಂಡ ಕೂಡಲೇ ಒಂದು ಗಂಟೆ ಕಡಿತ ಮಾಡಿ. ಉಳಿದ ಹಣದಲ್ಲಿ, ಹೊತ್ತಿಗೆ ಸರಿಯಾಗಿ ದೀಪ ಹಚ್ಚಿ ಆರಿಸುವ ಒಂದು ಟೈಮರ್ ಪ್ಲಗ್ ತನ್ನಿ, ಅದು ಖಂಡಿತ ಸಾರ್ಥಕ.

ಸುರಕ್ಷತೆಯಲ್ಲಿ ಮಾತ್ರ ದಯವಿಟ್ಟು ಜಿಪುಣತನ ಮಾಡಬೇಡಿ. ಸಾಮಾನ್ಯ ಟ್ಯೂಬ್‌ಲೈಟ್ ನೀರಿನ ಹನಿ, ಆವಿ ತಾಳುವುದಿಲ್ಲ. ತೊಟ್ಟಿಯ ಮೇಲೆ ಗಾಜಿನ ಮುಚ್ಚಳ ಹಾಕಿ, ದೀಪವನ್ನು ಅದಕ್ಕಿಂತ ಮೇಲೆ ಗಟ್ಟಿಯಾಗಿ ಬಿಗಿಯಿರಿ. ವೈರು ಪ್ಲಗ್‌ಗಿಂತ ಕೆಳಕ್ಕೆ ಇಳಿದು ಮತ್ತೆ ಮೇಲೇರುವಂತಿರಲಿ. ಆಗ ಜಾರಿದ ನೀರು ಸಾಕೆಟ್ ತಲುಪದೆ ಕೆಳಗೇ ತೊಟ್ಟಿಕ್ಕುತ್ತದೆ.