ನಿಂಬಾಳ ಸ್ಟೇಷನ್ ಯಾರ ಸಲುವಾಗಿ?

ವಿಜಯಪುರ ಜಿಲ್ಲೆಯ ಇಂಡಿ ಊರಿನ ಓದುಗರೊಬ್ಬರು ಬರೆಯುತ್ತಾರೆ: "ಹೋದ ಸಂಚಿಕೆಯಲ್ಲಿ ಹೊಟಗಿ–ಗದಗ ರೈಲು ಮಾರ್ಗದ ಬಗ್ಗೆ ಬರೆದಿರಿ. ನಿಂಬಾಳದಲ್ಲಿ ಸ್ಟೇಷನ್ ಆದದ್ದೇ ಗುರುದೇವ ರಾನಡೆಯವರ ಸಲುವಾಗಿ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅದನ್ನೇಕೆ ಬಿಟ್ಟಿರಿ? ಸ್ಟೇಷನ್ನಿಗೆ ಅವರ ಹೆಸರಿಡಲಿ ಅಂತ ನೀವಾದರೂ ಬರೆಯಬಾರದೇ?"

ಸಂಪಾದಕರ ಉತ್ತರ: ಹಿರಿಯರ ಮಾತು ತೆಗೆದುಹಾಕಲು ಮನಸ್ಸಾಗದು, ಆದರೆ ಇಸವಿಗಳು ಕೇಳಬೇಕಲ್ಲ! ಈ ಹಳಿಯ ಮೇಲೆ ಗಾಡಿ ಓಡಿದ್ದು 1884ರಲ್ಲಿ. ತತ್ವಜ್ಞಾನಿಯೂ ಸಂತರೂ ಆಗಿದ್ದ ರಾನಡೆಯವರು ಜಮಖಂಡಿಯಲ್ಲಿ ಹುಟ್ಟಿದ್ದು 1886ರಲ್ಲಿ.

ಹಳಿಯನ್ನು ಇಲ್ಲಿಗೆ ತಂದದ್ದು ಬರ. 1876–78ರಲ್ಲಿ ನಮ್ಮ ಜಿಲ್ಲೆ, ಆಗಿನ್ನೂ ಕಲಾದಗಿ ಜಿಲ್ಲೆ, ಬೆಂದುಹೋಯಿತು. ಬೇರೆ ಸೀಮೆಯಲ್ಲಿ ಕಾಳಿದ್ದರೂ ತರಲು ಎತ್ತಿನ ಬಂಡಿಯೇ ಗತಿ. ಮೇವಿಲ್ಲದೆ ಎತ್ತೇ ಸತ್ತ ಮೇಲೆ ಬಂಡಿ ಎಳೆಯುವವರಾರು? ಆ ಪೆಟ್ಟಿನ ನಂತರ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬರೀ ದಯೆಯಿಂದಲ್ಲ, ನಮ್ಮ ಎರೆಭೂಮಿಯ ಹತ್ತಿಯ ಮೇಲೂ ಅವರಿಗೆ ಕಣ್ಣಿತ್ತು. ಖರ್ಚು ಉಳಿಸಲೆಂದು ಮೀಟರ್‌ಗೇಜ್, ಅಂದರೆ ಒಂದು ಮೀಟರ್ ಅಗಲದ ಕಿರಿ ಹಳಿ, ಹಾಕಿದರು. ಸೊಲ್ಲಾಪುರದ ಹತ್ತಿರದ ಹೊಟಗಿಯಲ್ಲಿ ಸಿಗುವ ಮುಂಬೈ–ಮದ್ರಾಸ್ ಮಾರ್ಗ ಅಗಲ ಹಳಿಯ ಬ್ರಾಡ್‌ಗೇಜ್. ಹೀಗಾಗಿ ಹತ್ತಿಯ ಅಂಡಿಗೆ, ಜೋಳದ ಚೀಲ ಎಲ್ಲವನ್ನೂ ಅಲ್ಲಿ ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗಿತ್ತು. ಹಮಾಲರಿಗೆ ಕೆಲಸ, ವ್ಯಾಪಾರಿಗೆ ತಲೆನೋವು. ಗದಗದವರೆಗೆ ಪೂರ್ತಿ ಬ್ರಾಡ್‌ಗೇಜ್ ಆಗಿ ಈ ರಗಳೆ ಮುಗಿದದ್ದು ಈ ಶತಮಾನದಲ್ಲಿ!

ಇನ್ನು ರಾನಡೆಯವರು. ನನ್ನ ಊಹೆಯಲ್ಲಿ ಸಂಗತಿ ತಿರುವುಮುರುವು: ಸ್ಟೇಷನ್ನೇ ನಿಂಬಾಳದ ಅವರ ಆಶ್ರಮವನ್ನು ಕರೆಸಿಕೊಂಡಿತು. ಅವರ ಗುರು ಉಮದಿಯ ಭಾವೂಸಾಹೇಬ ಮಹಾರಾಜರ ಮಠ ಇಂಚಗೇರಿಯಲ್ಲಿ, ಅಲ್ಲಿಗೆ ರೈಲಿಲ್ಲ. ಶಿಷ್ಯರು ಕನ್ನಡದ ಊರುಗಳಲ್ಲೂ ಇದ್ದರು, ಮರಾಠಿ ಊರುಗಳಲ್ಲೂ ಇದ್ದರು. ಸ್ವತಃ ರಾನಡೆಯವರು ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದವರು, ಮುಂದೆ ಅದರ ಕುಲಪತಿಯೂ ಆದರು. ಅಷ್ಟು ದೂರದಿಂದ ಬರುವವರಿಗೆ ಹೊಟಗಿಯಲ್ಲಿ ಗಾಡಿ ಬದಲಿಸಿದರೆ ಸಾಕು, ನೇರ ನಿಂಬಾಳ. 1957ರಲ್ಲಿ ಅವರು ದೇಹ ಬಿಟ್ಟದ್ದೂ ಇಲ್ಲೇ. ಆಶ್ರಮದ ವಿಳಾಸ ಇಂದಿಗೂ 'ನಿಂಬಾಳ ಆರ್.ಎಸ್.', ಅಂದರೆ ರೈಲ್ವೆ ಸ್ಟೇಷನ್.

ಹೆಸರಿಡುವ ಮಾತು ನನಗೆ ಒಪ್ಪಿಗೆಯಿಲ್ಲ. ನಿಂಬಾಳ ಅಂದರೆ ಸಾಕು, ಜನಕ್ಕೆ ಗುರುದೇವರೇ ನೆನಪಾಗುತ್ತಾರೆ. ಅದರ ಬದಲು ಪ್ಲಾಟ್‌ಫಾರ್ಮಿನ ಮೇಲೆ ಒಂದು ಫಲಕ ಬರಲಿ, ಕನ್ನಡದಲ್ಲೂ ಮರಾಠಿಯಲ್ಲೂ. ಬರದಿಂದ ಶುರುಮಾಡಿ ಬರೆಯಲಿ, ಹಳಿಗೆ ಮಣ್ಣು ಹೊತ್ತ ಕೂಲಿಕಾರರಿಗೂ ಒಂದು ಸಾಲಿರಲಿ. ಹುಬ್ಬಳ್ಳಿಯ ನೈರುತ್ಯ ರೈಲ್ವೆ ಕಚೇರಿಗೆ ನೀವು ಅರ್ಜಿ ಬರೆಯಿರಿ. ನನ್ನದೂ ಒಂದು ಸಹಿ ಹಾಕುತ್ತೇನೆ.