ಹಳೇ ಮಿನಿಗೆ ರಬ್ಬರ್ ಕೋನೋ, ಕಾಯಿಲ್ ಸ್ಪ್ರಿಂಗೋ? ರಸ್ತೆಗೂ ಟ್ರ್ಯಾಕ್‌ಗೂ ಒಂದೇ ಕಾರು

ವಾರವೆಲ್ಲ ರಸ್ತೆ, ವರ್ಷಕ್ಕೆ ನಾಲ್ಕೈದು ಸಲ ಟ್ರ್ಯಾಕ್, ಕೈಯಲ್ಲಿ ಒಂದು ಹಳೇ ಮಿನಿ, ಆ ಪುಟ್ಟ ಬ್ರಿಟಿಷ್ ಕಾರು. ಅದರಲ್ಲಿ ಸ್ಪ್ರಿಂಗ್ ಕೆಲಸ ಮಾಡುವ ರಬ್ಬರ್ ಕೋನ್ ತೆಗೆದು ಸುರುಳಿ ಕಾಯಿಲ್ ಸ್ಪ್ರಿಂಗ್ ಹಾಕಿಸಲಾ, ಕಾರಿನ ಎತ್ತರ ಎಷ್ಟು ಇಳಿಸಲಿ ಅಂತ ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದು ಅಲೆದವನು. ಆ "ಎಷ್ಟು ಇಳಿಸಲಿ" ಅನ್ನುವುದೇ ನನ್ನ ಕಾರನ್ನು ಎಂಟು ತಿಂಗಳು ಸ್ಟ್ಯಾಂಡ್ ಮೇಲೆ ನಿಲ್ಲಿಸಿತು.

ಎತ್ತರ ಹೊಂದಿಸುವ ಸ್ಟ್ರಟ್ (ಚಕ್ರದ ಆರ್ಮ್‌ಗೂ ರಬ್ಬರ್ ಕೋನ್‌ಗೂ ನಡುವಿನ ಲೋಹದ ತುಂಡು) ತಂದು ಹಾಕಿದ್ದೆ. ನಟ್ ತಿರುಗಿಸುತ್ತಾ ಹೋದಂತೆ ಕಾರು ಕೂರುತ್ತಾ ಹೋಯಿತು. ಮುಂದಿನ ಟೈರಿಗೂ ಮಡ್‌ಗಾರ್ಡ್‌ಗೂ ನಡುವೆ ಎರಡು ಬೆರಳು ತೂರದಷ್ಟು ಆದಾಗ ನಿಲ್ಲಿಸಿದೆ. ನೋಡೋಕೆ ಬಹಳ ಚೆನ್ನಾಗಿತ್ತು. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯ ಉದ್ದದವೇ. ಇನ್ನೂ ಸೋರಿಲ್ಲ ಅಲ್ವಾ, ಯಾಕೆ ಬದಲಾಯಿಸೋದು ಅಂತ ಬಿಟ್ಟೆ.

ರಸ್ತೆಗೆ ತಂದರೆ ಕಾರು ಗಟ್ಟಿ. ಸಣ್ಣ ಗುಂಡಿಗೂ ಬೆನ್ನಿಗೆ ಏಟು. ಟ್ರ್ಯಾಕ್‌ಗೆ ಹೋಗುವ ಕಾರು ಹೀಗೇ ಇರಬೇಕು ಅಂದುಕೊಂಡು ಖುಷಿಪಟ್ಟೆ. ನಾನು ಎಡವಿದ್ದು ಅಲ್ಲೇ.

ಕಾರು ಇಳಿಸಿದಾಗ ಏನಾಗುತ್ತೆ ನೋಡಿ. ಚಕ್ರ ಮೇಲಕ್ಕೆ ಹೋಗೋಕೆ ಇರುವ ಜಾಗವೇ ಖರ್ಚಾಗುತ್ತೆ. ಮಿನಿಯಲ್ಲಿ ಆ ಜಾಗ ಮೊದಲೇ ಕಡಿಮೆ. ಅದು ಮುಗಿದ ಮೇಲೆ ಚಕ್ರ ಹಿಡಿದಿರುವ ಆರ್ಮ್ ಹೋಗಿ ಬಂಪ್ ರಬ್ಬರ್‌ಗೆ, ಅಂದ್ರೆ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ ಬಡಿಯುತ್ತೆ, ಇಲ್ಲಾ ಶಾಕ್‌ನ ರಾಡ್ ಪೂರ್ತಿ ಒಳಗೆ ಹೋಗಿ ತಳ ಮುಟ್ಟುತ್ತೆ. ಆ ಕ್ಷಣಕ್ಕೆ ಕಾರಿಗೆ ಸಸ್ಪೆನ್ಷನ್ನೇ ಇಲ್ಲ. ಕೋನ್ ಯಾವುದು, ಸ್ಪ್ರಿಂಗ್ ಯಾವುದು, ಏನು ದುಡ್ಡು ಕೊಟ್ಟಿರಿ, ಯಾವುದೂ ಲೆಕ್ಕಕ್ಕೆ ಬರಲ್ಲ. ನನಗೆ ಗಟ್ಟಿ ಅನ್ನಿಸಿದ್ದು ಆ ಬಡಿತ. ಅದನ್ನು ತಿಳಿಯದೆ ಶಾಕ್‌ಗಳನ್ನು ಇನ್ನೂ ಎರಡು ಕ್ಲಿಕ್ ಬಿಗಿ ಮಾಡಿದೆ. ಆಗ ಇನ್ನೊಂದು ತೊಂದರೆ ಸೇರಿತು: ಒಂದು ಉಬ್ಬಿಗೆ ಮೇಲೆ ಹೋದ ಚಕ್ರ ವಾಪಸ್ ಕೆಳಗೆ ಬರುವ ಮೊದಲೇ ಮುಂದಿನ ಉಬ್ಬು ಬರುತ್ತೆ. ಸಾಲಾಗಿ ಉಬ್ಬುಗಳಿದ್ದರೆ ಕಾರು ಓಡುತ್ತಾ ಓಡುತ್ತಾ ಇನ್ನೂ ಕೆಳಗೆ ಕೂರುತ್ತೆ.

ಟ್ರ್ಯಾಕ್‌ನಲ್ಲಿ ಒಂದು ಉದ್ದನೆಯ ಬಲ ತಿರುವು, ನಡುವೆ ಸಣ್ಣ ತಗ್ಗು. ಎಡ ಮುಂಚಕ್ರದ ಮೇಲೆ ಭಾರವೆಲ್ಲ ಬಿದ್ದಿತ್ತು. ತಗ್ಗು ಬಂತು, ಟಕ್ ಅಂತ ಸದ್ದು, ಮೂತಿ ಹೊರಗೆ ಜಾರಿತು. ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಮುಂದಿನ ಟೈರ್ ಹಿಡಿತ ಸಿಕ್ಕಿ ಒಳಗೆ ಕಚ್ಚಿತು, ಹಗುರವಾದ ಹಿಂಭಾಗ ಗಿರ್ರನೆ ತಿರುಗಿತು. ಹಿಂದಿನ ಚಕ್ರ ಅಡ್ಡಡ್ಡ ಹೋಗಿ ಅಂಚಿನ ಕಟ್ಟೆಗೆ ಬಡಿಯಿತು. ಹಿಂಚಕ್ರ ಹಿಡಿದಿರುವ ರೇಡಿಯಸ್ ಆರ್ಮ್ ಬಾಗಿತು, ಆ ಆರ್ಮ್ ಕೂರುವ ಚೌಕಟ್ಟು, ಅಂದ್ರೆ ಹಿಂದಿನ ಸಬ್‌ಫ್ರೇಮ್ ತಿರುಚಿಕೊಂಡಿತು. ನನಗೆ ಏನೂ ಆಗಲಿಲ್ಲ.

ಆಮೇಲೆ ಮುಂದಿನ ಚಕ್ರ ಬಿಚ್ಚಿ ನೋಡಿದರೆ, ಬಂಪ್ ರಬ್ಬರ್ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಅದು ಬಡಿದ ಜಾಗದಲ್ಲಿ ಪೇಂಟ್ ಎದ್ದು ಹೋಗಿ ಬರೀ ಕಬ್ಬಿಣ ಕಾಣುತ್ತಿತ್ತು. ಆ ಭಾಗ ಸುಮ್ನೆ ನಿಂತ ಕಾರಿನಲ್ಲಿ ರಬ್ಬರ್‌ಗೆ ಎಷ್ಟು ಹತ್ತಿರ ಇದೆ ಅಂತ ಅಳೆದೆ. ಒಂದು ನಾಣ್ಯ ತೂರಿಸೋಕೂ ಆಗಲಿಲ್ಲ. ಎರಡು ನಿಮಿಷದ ಕೆಲಸ. ಮೊದಲೇ ಮಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಅದಕ್ಕೇ ಹೇಳೋದು, ರಬ್ಬರೋ ಸ್ಪ್ರಿಂಗೋ ಅನ್ನುವುದು ಈಗ ನಿಮ್ಮ ಪ್ರಶ್ನೆ ಆಗಬಾರದು. ಆದರೂ ಕೇಳಿದ್ದಕ್ಕೆ: ರಬ್ಬರೇ ಇರಲಿ. 1959ರಲ್ಲಿ ಮಿನಿಯ ವಿನ್ಯಾಸಕಾರ ಇಸಿಗೊನಿಸ್ ಈ ಕಾರಿಗೆ ಎಂಜಿನಿಯರ್ ಅಲೆಕ್ಸ್ ಮೌಲ್ಟನ್ ಅವರ ರಬ್ಬರ್ ಕೋನ್ ಹಾಕಿದ್ದಕ್ಕೆ ಕಾರಣ ಇದೆ. ಸುಮಾರು 600 ಕೆ.ಜಿ. ಕಾರಿನಲ್ಲಿ ನಾಲ್ಕು ಜನ ಕೂತರೆ ತೂಕ ಹತ್ತಿರ ಹತ್ತಿರ ಅರ್ಧದಷ್ಟು ಏರುತ್ತೆ. ಅದುಮಿದಷ್ಟೂ ಗಟ್ಟಿಯಾಗುತ್ತಾ ಹೋಗುವುದು ರಬ್ಬರಿನ ಗುಣ, ಹಾಗಾಗಿ ಒಬ್ಬರಿದ್ದರೂ ನಾಲ್ವರಿದ್ದರೂ ನಡೆಯುತ್ತೆ. 1964ರಲ್ಲಿ ಪ್ಯಾಡಿ ಹಾಪ್‌ಕಿರ್ಕ್ ಮಿನಿ ಓಡಿಸಿ ಮಾಂಟೆ ಕಾರ್ಲೊ ರ್ಯಾಲಿ ಗೆದ್ದಿದ್ದೂ ಇದೇ ಕೋನ್‌ಗಳ ಮೇಲೆ. ಕಾಯಿಲ್ ಸ್ಪ್ರಿಂಗ್ ರಸ್ತೆಗೆ ಹಿತವಾಗಿರುತ್ತೆ, ನಿಜ. ಆದರೆ ಜಾಗ ಇಲ್ಲದ ಕಡೆ ಅದೂ ಬಡಿಯುತ್ತೆ.

ನಿಮ್ಮ ಕೋನ್‌ಗಳು ಹಳೆಯವಾದರೆ ರಬ್ಬರ್ ಕುಗ್ಗಿ ಕಾರು ಆಗಲೇ ಇಳಿದಿರುತ್ತೆ. ಹೊಸ ಕೋನ್ ಹಾಕಿ. ಮೊದಲು ಕಾರು ಎತ್ತರಕ್ಕೆ ನಿಲ್ಲುತ್ತೆ, ಗಾಬರಿ ಬೇಡ. ಕೆಲವು ವಾರ ಓಡಿಸಿ, ಕೂತ ಮೇಲೆ ಎತ್ತರ ಹೊಂದಿಸಿ. ನಾನು ಈಗ ಕಾರ್ಖಾನೆಯ ಎತ್ತರಕ್ಕಿಂತ 25 ಮಿ.ಮೀ. ಮಾತ್ರ ಇಳಿಸಿದ್ದೇನೆ, ಜೊತೆಗೆ ಗಿಡ್ಡ ಶಾಕ್‌ಗಳು. ಉದ್ದದ ಶಾಕ್ ಇಟ್ಟರೆ ಇನ್ನೊಂದು ಅಪಾಯವೂ ಇದೆ: ಜ್ಯಾಕ್ ಎತ್ತಿ ಚಕ್ರ ಜೋತುಬಿದ್ದಾಗ ಸ್ಟ್ರಟ್‌ನ ತುದಿಯ ಗುಂಡು ತನ್ನ ಬಟ್ಟಲಿನಿಂದ ಹೊರಬರಬಹುದು.

ಉಳಿದ ದುಡ್ಡನ್ನು ಕ್ಯಾಂಬರ್‌ಗೆ, ಅಂದ್ರೆ ಚಕ್ರ ಒಳಗೋ ಹೊರಗೋ ವಾಲುವ ಕೋನ ಸರಿಪಡಿಸೋಕೆ ಹಾಕಿ. ಮುಂಚಕ್ರಗಳು ಕಾರ್ಖಾನೆಯಿಂದ ಸುಮಾರು 2 ಡಿಗ್ರಿ ಪಾಸಿಟಿವ್ ಬಂದಿರುತ್ತವೆ, ಅಂದ್ರೆ ಮೇಲ್ಭಾಗ ಹೊರಗೆ ವಾಲಿರುತ್ತೆ. ಕೆಳಗಿನ ಆರ್ಮ್ ಬದಲಾಯಿಸಿ 1.5 ಡಿಗ್ರಿ ನೆಗೆಟಿವ್ ಮಾಡಿದ್ದಕ್ಕೇ ನನ್ನ ಕಾರು ತಿರುವಿನಲ್ಲಿ ಬೇರೆಯೇ ಆಯಿತು, ಎತ್ತರ ಇಳಿಸಿದ್ದರಿಂದ ಅಲ್ಲ. ಹಿಂಚಕ್ರಗಳ ಟೋ-ಇನ್, ಅಂದ್ರೆ ಅವುಗಳ ಮುಂದಿನ ಅಂಚು ಒಳಗೆ ತಿರುಗಿರುವುದು, 3 ಮಿ.ಮೀ. ಹಾಗೇ ಇರಲಿ. ಹಿಂದಿನ ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಕಂಬಿ) ಸದ್ಯಕ್ಕೆ ಖಂಡಿತ ಬೇಡ, ಹಿಂಭಾಗ ಇನ್ನೂ ಬೇಗ ಜಾರುತ್ತೆ. ಮಳೆಯಲ್ಲಿ ಮನೆಗೆ ಹೋಗೋದು ಇದೇ ಕಾರಲ್ಲಿ ತಾನೇ?

ಏನು ಕೊಳ್ಳುವ ಮೊದಲೂ ಇದೊಂದು ಮಾಡಿ. ಬಂಪ್ ರಬ್ಬರ್ ಮೇಲೆ ಹುಣಸೆ ಬೀಜದಷ್ಟು ಗ್ರೀಸ್ ಗುಡ್ಡೆ ಹಾಕಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ನೀವು ದಿನಾ ಹೋಗುವ ಅತಿ ಕೆಟ್ಟ ರಸ್ತೆಯಲ್ಲಿ ಓಡಿಸಿ. ಬಂದು ಚಕ್ರ ಬಿಚ್ಚಿ ನೋಡಿ. ತುದಿ ಮಾತ್ರ ತಾಗಿದ್ದರೆ ಪರವಾಗಿಲ್ಲ. ಹಪ್ಪಳವಾಗಿದ್ದರೆ ಕಾರನ್ನು ಮೇಲೆತ್ತಿ, ಗ್ರೀಸ್ ಬದಲಿಸಿ, ಮತ್ತೆ ಅದೇ ರಸ್ತೆ. ಎರಡೂ ಬದಿ ಬೇರೆ ಬೇರೆ ಬಂದರೆ ಅದನ್ನೂ ಇಲ್ಲಿ ಬರೆಯಿರಿ, ಶಾಕ್‌ನ ಉದ್ದ ಅಳೆದು ಹೇಳಿದರೆ ಮುಂದಿನದು ನೋಡೋಣ.